ಸಿಂಗಪುರದಲ್ಲಿ ಒಂದು ಹಗಲು

ಪರಸ್ಥಳವನ್ನು ನೋಡಬೇಕಾದವನು ಯಾರ ಹಂಗೂ ಇಲ್ಲದೆ, ಕಾಲು ಕರೆದತ್ತ ಅಲೆದು, ಮನಸ್ಸು ನಿಂತಲ್ಲಿ ನಿಂತು ನೋಡಬೇಕೆಂದು ಬಲ್ಲವರು ಹೇಳುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ. ಆದರೂ ನಿಗದಿಯಾದ ವೇಳೆಗೆ ಹೊರಟು ನಿಗದಿಯಾದ ವೇಳೆಗೆ ಮರಳುವ, ಮುಖ ಪರಿಚಯವೂ ಇಲ್ಲದ ಜನರ ನಡುವೆ ಒಂದೇ ಬಸ್ಸಿನಲ್ಲಿ ಕುಳಿತು ಒಬ್ಬರ ಬಾಯಿಂದ ಊರಿನ ವೃತ್ತಾಂತವನ್ನು ಕೇಳುವ ಒಂದು ಹಗಲಿನ ಪ್ರವಾಸದ ವಿಷಯದಲ್ಲಿ ನನಗೆ ಬಹುಕಾಲದಿಂದ ಪ್ರೀತಿಯುಂಟು. ಕಾಶಿಗೆ ಹೋದ ನಮ್ಮ ಹಿರಿಯರು ಪಂಡರ ಬೆನ್ನು ಹಿಡಿದು ಘಟ್ಟದಿಂದ ಘಟ್ಟಕ್ಕೆ ನಡೆದು, ಅವರು ಹೇಳಿದ ಕಡೆ ಕೈಮುಗಿದು, ಅವರು ಹೇಳಿದ ಕಥೆಯನ್ನು ಕೇಳಿ ಬರುತ್ತಿದ್ದರಷ್ಟೆ. ಹಾಗೆ ನಡೆದವರಿಗೆ ಕಾಶಿ ಕಾಣದೆ ಹೋಯಿತೆಂದು ಯಾರೂ ಹೇಳಲಾರರು. ಊರೊಂದು ತನ್ನನ್ನು ಕುರಿತು ಪರರ ಮುಂದೆ ಏನನ್ನು ಹೇಳಿಕೊಳ್ಳಬಯಸುತ್ತದೆ ಎಂಬುದು ಮಾರ್ಗದರ್ಶಕರ ಮಾತಿನಿಂದ ತಿಳಿಯುವಷ್ಟು ಸ್ಪಷ್ಟವಾಗಿ ಗ್ರಂಥಗಳಿಂದ ತಿಳಿಯುವುದಿಲ್ಲ. ಅದು ಏನನ್ನು ಹೇಳದೆ ದಾಟಿಬಿಡುತ್ತದೆ ಎಂಬುದೂ, ಕಿವಿಗೊಟ್ಟು ಕೇಳುವವನಿಗೆ, ಆ ಮಾತಿನಿಂದಲೇ ತಿಳಿದುಬರುತ್ತದೆ.

ಸಿಂಗಪುರದಲ್ಲಿ ನಾನು ಸೇರಿಕೊಂಡದ್ದು ಅಂಥದೊಂದು ಪ್ರವಾಸ. ಮುಂಜಾನೆ ನಗರದ ಪ್ರಸಿದ್ಧ ಸ್ಥಳಗಳು, ಮಧ್ಯಾಹ್ನದ ಮೇಲೆ ಎರಡನೆಯ ಮಹಾಯುದ್ಧದ ಕುರುಹುಗಳು ಎಂದು ಅದರ ಪಟ್ಟಿಯಲ್ಲಿ ಬರೆದಿತ್ತು. ನಮ್ಮನ್ನು ಕರೆದುಕೊಂಡು ಹೋದಾಕೆ ಚೀನೀ ಮನೆತನದ, ಅರುವತ್ತು ದಾಟಿದ, ತಗ್ಗಿದ ದನಿಯ ಹೆಂಗಸು. ಬಸ್ಸಿನಲ್ಲಿ ಆಸ್ಟ್ರೇಲಿಯದ ವೃದ್ಧ ದಂಪತಿಗಳಿದ್ದರು. ಮಧುರೆಯ ಕಡೆಯ ಒಂದು ತಮಿಳು ಸಂಸಾರವಿತ್ತು. ಹಿಂದಿನ ಸಾಲಿನಲ್ಲಿ ಜಪಾನಿನಿಂದ ಬಂದ ಇಬ್ಬರು ತರುಣರು, ಟಿಪ್ಪಣಿ ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು, ಒಂದು ಮಾತನ್ನೂ ಬಿಡದೆ ಕೇಳುತ್ತಿದ್ದರು. ಯುದ್ಧದ ಕಥೆಯನ್ನು ಹೇಳುವಾಗ ಆ ಇಬ್ಬರ ಸಲುವಾಗಿ ಆಕೆ ಒಂದು ಮಾತನ್ನು ಮೃದುಗೊಳಿಸಲೂ ಇಲ್ಲ, ಒಂದನ್ನು ಕಠಿನಗೊಳಿಸಲೂ ಇಲ್ಲ. ಇದು ಸುಲಭವಾಗಿ ಬರುವ ವಿದ್ಯೆಯಲ್ಲ.

ಸಿಂಹದ ಮುಖ, ಮೀನಿನ ದೇಹದ ಮೆರ್‌ಲಯನ್ ಪ್ರತಿಮೆಯ ಎದುರು ಎಲ್ಲರಂತೆ ನಾವೂ ನಿಂತೆವು. 1972ರಲ್ಲಿ ನದಿಯ ಬಾಯಲ್ಲಿ ನಿಲ್ಲಿಸಿದ್ದ ಅದನ್ನು, ಹೊಸದಾಗಿ ಬಂದ ಸೇತುವೆ ಕಡಲಿನ ಕಡೆಯ ನೋಟವನ್ನು ಮರೆಮಾಡಿತೆಂದು, 2002ರಲ್ಲಿ ಈಗಿನ ಜಾಗಕ್ಕೆ ತಂದರಂತೆ. ಅಲ್ಲಿಂದ ಸ್ವಲ್ಪ ದೂರದಲ್ಲಿ 1819ರಲ್ಲಿ ಇಲ್ಲಿ ಬಂದಿಳಿದು ವಾಣಿಜ್ಯದ ನೆಲೆಯನ್ನು ಸ್ಥಾಪಿಸಿದ ರಾಫಲ್ಸನ ಪ್ರತಿಮೆ, ಎದೆಯ ಮೇಲೆ ಕೈಕಟ್ಟಿ ನಿಂತಿದೆ. ಜಪಾನೀಯರು ಆಳಿದ ಕಾಲದಲ್ಲಿ ಆ ಕಂಚಿನ ಮೂರ್ತಿಯನ್ನು ವಸ್ತುಸಂಗ್ರಹಾಲಯದೊಳಗೆ ಸೇರಿಸಿಟ್ಟಿದ್ದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಮತ್ತೆ ಹೊರಗೆ ತಂದು ನಿಲ್ಲಿಸಿದರು. ಈ ಎರಡು ಕಡೆಯೂ ನಾವು ಬಹಳ ಹೊತ್ತು ನಿಲ್ಲಲಿಲ್ಲ. ನಿಂತದ್ದು ಪಾಡಾಂಗಿನಲ್ಲಿ.

ಪಾಡಾಂಗ್ ಎಂದರೆ ಬಯಲು. ನಗರದ ನಡುವೆ, ಕಡಲ ದಂಡೆಗೆ ಸಮೀಪದಲ್ಲಿ, ಹಸುರು ಹುಲ್ಲಿನಿಂದ ತುಂಬಿದ ಕ್ರೀಡಾಂಗಣ. ಒಂದು ಪಕ್ಕದಲ್ಲಿ ಸಾಲುಗಂಬಗಳ ಹಳೆಯ ಪುರಭವನ. ಅದೂ ಅದರ ಮಗ್ಗುಲಿನ ಹಳೆಯ ಸರ್ವೋಚ್ಚ ನ್ಯಾಯಾಲಯವೂ ಕೂಡಿ ಈಗ ರಾಷ್ಟ್ರೀಯ ಚಿತ್ರಶಾಲೆಯಾಗಿವೆ. ನೋಡುವ ಕಣ್ಣಿಗೆ ಇಷ್ಟೆ. ಆದರೆ ಕೇಳುವ ಕಿವಿಗೆ ಇಷ್ಟು ಕಿರಿದಾದ ನೆಲ ಇಷ್ಟು ಕಡಮೆ ಕಾಲದಲ್ಲಿ ಇಷ್ಟೊಂದು ಪತಾಕೆಗಳನ್ನು ಕಂಡದ್ದು ಬೇರೆಲ್ಲಾದರೂ ಉಂಟೋ ಎಂಬ ವಿಸ್ಮಯ ಹುಟ್ಟುತ್ತದೆ. 1942ರ ಫೆಬ್ರವರಿ 17ರಂದು, ನಗರ ಶರಣಾದ ಎರಡು ದಿನಗಳ ಬಳಿಕ, ಈ ಬಯಲಿನಲ್ಲಿಯೇ ಜಪಾನೀಯರು ಇಲ್ಲಿನ ಯುರೋಪಿಯನ್ ನಾಗರಿಕರನ್ನೆಲ್ಲ ಬಿಸಿಲಿನಲ್ಲಿ ನೆರೆಯಿಸಿ ಬಂಧನಕ್ಕೆ ನಡೆಸಿಕೊಂಡು ಹೋದರು. 1943ರ ಜುಲೈ 5ರಂದು ಇದೇ ಪುರಭವನದ ಮುಂದೆ ಸುಭಾಷಚಂದ್ರ ಬೋಸರು ಆಜಾದ್ ಹಿಂದ್ ಫೌಜಿನ ವಂದನೆಯನ್ನು ಸ್ವೀಕರಿಸಿ ದೆಹಲಿಯ ಕಡೆಗೆ ನಡೆಯಿರೆಂದು ಕರೆಕೊಟ್ಟರು. 1945ರ ಸೆಪ್ಟೆಂಬರ್ 12ರಂದು ಅದೇ ಪುರಭವನದ ಒಳಗೆ ಮೌಂಟ್‌ಬ್ಯಾಟನ್ ಎದುರು ಜಪಾನಿನ ಸೇನಾನಿ ಇಟಾಗಾಕಿ ಶರಣಾಗತಿಯ ಪತ್ರಕ್ಕೆ ಸಹಿ ಹಾಕಿದನು. 1959ರ ಜೂನ್ 3ರಂದು ಸ್ವಯಮಾಡಳಿತ ಬಂದಿತೆಂದು ಲೀ ಕುವಾನ್ ಯೂ ಇಲ್ಲಿ ಜನಸಾಗರದ ಮುಂದೆ ಸಾರಿದರು. 1966ರ ಆಗಸ್ಟ್ 9ರಂದು, ಸ್ವತಂತ್ರ ಗಣರಾಜ್ಯದ ಮೊದಲ ವಾರ್ಷಿಕೋತ್ಸವದ ಮೆರವಣಿಗೆ ಇಲ್ಲಿಯೇ ನಡೆಯಿತು. ಸೋತವರೂ ಗೆದ್ದವರೂ ಗೆದ್ದು ಮತ್ತೆ ಸೋತವರೂ ಮೆಟ್ಟಿದ ಈ ಹುಲ್ಲಿನ ಮೇಲೆ ನಾವು ನಿಂತಾಗ ಶಾಲೆಯ ಹುಡುಗರು ಕ್ರಿಕೆಟ್ಟಿಗಾಗಿ ಗೂಟಗಳನ್ನು ನೆಡುತ್ತಿದ್ದರು.

ಬಯಲಿನಿಂದ ಕೆಲವೇ ಹೆಜ್ಜೆಗಳಲ್ಲಿ ಸಂತ ಆಂಡ್ರೂಸರ ಮಹಾಮಂದಿರ ಸಿಕ್ಕುತ್ತದೆ. ಅದರ ಶ್ವೇತವರ್ಣವನ್ನು ನೋಡಿದವರು ಒಂದು ಕ್ಷಣ ಕಣ್ಣು ಕಿರಿದು ಮಾಡಿಕೊಳ್ಳಲೇಬೇಕು. ಆ ಬಿಳುಪು ಬಂದದ್ದು ನಮ್ಮ ಕಡೆಯ ಗಾರೆಯಿಂದ. ಕಪ್ಪೆಚಿಪ್ಪಿನ ಸುಣ್ಣಕ್ಕೆ ಕೋಳಿಮೊಟ್ಟೆಯ ಬಿಳಿಯನ್ನೂ ಸಕ್ಕರೆಯನ್ನೂ ಸೇರಿಸಿ, ತೆಂಗಿನ ಸಿಪ್ಪೆ ನೆನೆಸಿದ ನೀರಿನಲ್ಲಿ ಕಲಸಿ, ಗೋಡೆಗೆ ಬಳಿದು, ಒಣಗಿದ ಮೇಲೆ ಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ತರಿಸುವ ಮದರಾಸಿನ ಆ ವಿದ್ಯೆಯನ್ನು ಇಲ್ಲಿಗೆ ತಂದವರು, 1856ರಿಂದ ಕೆಲವು ವರ್ಷ ದುಡಿದು ಈ ಮಂದಿರವನ್ನು ಕಟ್ಟಿದವರು, ಭಾರತದಿಂದ ಗಡೀಪಾರಾಗಿ ಬಂದ ಕೈದಿಗಳು. ಕಂಪನಿಯ ಸರ್ಕಾರ ಅವರನ್ನು ಇಲ್ಲಿಗೆ ಹಡಗಿನಲ್ಲಿ ತಂದು, ಕಾಡು ಕಡಿಸಿ, ರಸ್ತೆ ಹಾಕಿಸಿ, ಸೇತುವೆ ಕಟ್ಟಿಸಿ, ಕೊನೆಗೆ ದೇವರ ಮನೆಯನ್ನೂ ಕಟ್ಟಿಸಿಕೊಂಡಿತು. ಗವರ್ನರನ ಅರಮನೆಯೂ ಅವರ ಕೈಕೆಲಸವೇ. ಆ ಕೆಲಸಗಾರರ ಹೆಸರುಗಳನ್ನು ಗೋಡೆಯ ಮೇಲೆ ಯಾರೂ ಬರೆಯಿಸಲಿಲ್ಲ. ಆದರೆ ಉಜ್ಜಿದ ಗಾರೆಯ ಮೇಲೆ ಅಂಗೈಯಿಟ್ಟು ನೋಡಿದಾಗ, ನಮ್ಮ ಹಳೆಯ ಮನೆಗಳ ನಡುಮನೆಯ ಕಂಬಗಳ ನುಣುಪು ನೆನಪಿಗೆ ಬಂದು, ಈ ಊರು ನನಗೆ ಪರಸ್ಥಳವೆಂಬ ಭಾವ ಅಲ್ಲಿಗೆ ಸಡಿಲವಾಯಿತು.

ಅದೇ ಮಂದಿರದೊಳಗೆ ಒಂದು ಸ್ಮಾರಕ ಫಲಕವಿದೆ. 1915ರ ಫೆಬ್ರವರಿ 15ರಂದು ಈ ನಗರದಲ್ಲಿ ನೆಲೆಗೊಂಡಿದ್ದ ಭಾರತೀಯ ಸೇನೆಯ ಐದನೆಯ ಲೈಟ್ ಇನ್‌ಫೆಂಟ್ರಿಯ ಸಿಪಾಯಿಗಳಲ್ಲಿ ಅರ್ಧದಷ್ಟು ಮಂದಿ ದಂಗೆಯೆದ್ದರು. ತಮ್ಮನ್ನು ತುರ್ಕಿಯ ಮೇಲೆ, ತಮ್ಮದೇ ಮತದವರ ಮೇಲೆ, ಕಾದುವುದಕ್ಕೆ ಕಳುಹಿಸುತ್ತಾರೆಂಬ ವದಂತಿ ಅವರ ಕಿವಿಗೆ ಬಿದ್ದಿತ್ತು. ನಿಜವಾಗಿ ಅವರು ಹೋಗಬೇಕಾಗಿದ್ದುದು ಹಾಂಗ್‌ಕಾಂಗಿಗೆ. ದಂಗೆಯನ್ನು ಅಡಗಿಸುವುದಕ್ಕೆ ಬ್ರಿಟಿಷರು ಬಂದರಿನಲ್ಲಿದ್ದ ಮಿತ್ರರಾಷ್ಟ್ರಗಳ ನಾವಿಕರ ನೆರವು ಪಡೆದರು. ಆ ಮಿತ್ರರಲ್ಲಿ ಜಪಾನೀಯರೂ ಇದ್ದರು. ವಿಚಾರಣೆ ನಡೆದು ನಲವತ್ತೇಳು ಮಂದಿ ಸಿಪಾಯಿಗಳನ್ನು ಸೆರೆಮನೆಯ ಗೋಡೆಯ ಮುಂದೆ ನಿಲ್ಲಿಸಿ, ಜನರನ್ನು ನೆರೆಯಿಸಿ, ಅವರ ಕಣ್ಣೆದುರಿಗೇ ಗುಂಡಿಕ್ಕಿ ಕೊಂದರು. ಮಂದಿರದ ಫಲಕ ಸಿಪಾಯಿಗಳ ಕೈಯಲ್ಲಿ ಸತ್ತ ಬ್ರಿಟಿಷರದು. ಅದು ಅಲ್ಲಿರುವುದು ನ್ಯಾಯವೇ. ಸತ್ತವರಲ್ಲಿ ಯಾವ ತಪ್ಪನ್ನೂ ಮಾಡದೆ ದಾರಿಯಲ್ಲಿ ಸಿಕ್ಕಿಬಿದ್ದ ನಾಗರಿಕರೂ ಇದ್ದರು. ಆದರೆ ಭಾರತದ ಕೈದಿಗಳು ಉಜ್ಜಿ ಹೊಳಪಿಸಿದ ಗೋಡೆಗಳ ನಡುವೆ ನಿಂತು ಭಾರತದ ಸಿಪಾಯಿಗಳ ಈ ವೃತ್ತಾಂತವನ್ನು ಓದುವ ಭಾರತೀಯನಿಗೆ ಬರುವ ಭಾವ ಒಂದೇ ಎಳೆಯದಲ್ಲ. ಈ ಫೆಬ್ರವರಿ 15ನೆಯ ತಾರೀಖು ಆ ದಿನ ನಮ್ಮ ಬೆನ್ನು ಬಿಡಲಿಲ್ಲ. ಇಪ್ಪತ್ತೇಳು ವರ್ಷಗಳ ಬಳಿಕ ಸಿಂಗಪುರ ಜಪಾನೀಯರಿಗೆ ಶರಣಾದದ್ದೂ ಅದೇ ದಿನಾಂಕದಂದು.

ಕಡಲ ಕಡೆಯ ಎಸ್‌ಪ್ಲನೇಡ್ ಉದ್ಯಾನದಲ್ಲಿ ಸ್ಮಾರಕಗಳು ಒಂದರ ಪಕ್ಕ ಒಂದಾಗಿ ನಿಂತಿವೆ. ಊರಿಗೆ ನೀರು ತರಿಸುವುದಕ್ಕೆಂದು 1857ರಲ್ಲಿ ಹದಿಮೂರು ಸಾವಿರ ಡಾಲರುಗಳನ್ನು ಕೊಟ್ಟ ತಾನ್ ಕಿಮ್ ಸೆಂಗ್ ಎಂಬ ವರ್ತಕನ ನೆನಪಿನ ಕಾರಂಜಿ ಅಲ್ಲಿದೆ. ಮೊದಲ ಮಹಾಯುದ್ಧದಲ್ಲಿ ಮಡಿದವರ ಸ್ಮಾರಕವನ್ನು ಎರಡನೆಯ ಯುದ್ಧವಾದ ಮೇಲೆ ಬೇರೆ ಕಟ್ಟದೆ, ಅದರ ಬೆನ್ನಿನ ಮೇಲೆಯೇ ಹೊಸ ವರ್ಷಗಳನ್ನು ಕೊರೆಯಿಸಿದ್ದಾರೆ. ಮಲಯದ ಕಾಡುಗಳಲ್ಲಿ ಜಪಾನೀಯರ ವಿರುದ್ಧ ಗುಪ್ತವಾಗಿ ದುಡಿದು, ಸಿಕ್ಕಿಬಿದ್ದು, 1944ರ ಜೂನ್ 29ರಂದು ಸೆರೆಯಲ್ಲಿ ಪ್ರಾಣಬಿಟ್ಟ ಲಿಮ್ ಬೋ ಸೆಂಗ್ ಎಂಬ ವೀರನ ಮಂಟಪವೂ ಅಲ್ಲಿಯೇ. ಇವುಗಳ ನಡುವೆ, ತೋರಿಸುವವರಿಲ್ಲದಿದ್ದರೆ ಕಣ್ಣಿಗೆ ಬೀಳದಷ್ಟು ಸಾಧಾರಣವಾದ ಒಂದು ಫಲಕವನ್ನು ನಮ್ಮ ಮಾರ್ಗದರ್ಶಿ ತೋರಿಸಿದಳು. ಆಜಾದ್ ಹಿಂದ್ ಫೌಜಿನಲ್ಲಿ ಮಡಿದ ಅಜ್ಞಾತ ಯೋಧನಿಗೆಂದು ಸುಭಾಷರು 1945ರ ಜುಲೈ 8ರಂದು ಸ್ಮಾರಕವೊಂದಕ್ಕೆ ಅಸ್ತಿಭಾರ ಹಾಕಿದ ಸ್ಥಳ ಅದು. ಏಕತೆ, ವಿಶ್ವಾಸ, ಬಲಿದಾನ ಎಂಬ ಮೂರು ಮಾತುಗಳನ್ನು ಅದರ ಮೇಲೆ ಬರೆದಿದ್ದರಂತೆ. ಬ್ರಿಟಿಷರು ಸೆಪ್ಟೆಂಬರಿನಲ್ಲಿ ಮರಳಿ ಬಂದ ಕೆಲವೇ ದಿನಗಳಲ್ಲಿ ಮೌಂಟ್‌ಬ್ಯಾಟನ್ ಆಜ್ಞೆಯ ಮೇರೆಗೆ ಅದನ್ನು ಸಿಡಿಮದ್ದಿಟ್ಟು ಒಡೆಯಲಾಯಿತು. ಎರಡು ತಿಂಗಳೂ ಬಾಳದ ಆ ಕಲ್ಲಿನ ಗುರುತಿಗಾಗಿ ಐವತ್ತು ವರ್ಷಗಳ ಮೇಲೆ, 1995ರಲ್ಲಿ, ಸಿಂಗಪುರದವರು ಈ ಫಲಕವನ್ನು ನಿಲ್ಲಿಸಿದರು.

ತಮಿಳು ಸಂಸಾರದ ಹಿರಿಯರು ಮೆಟ್ಟುಗಳನ್ನು ಬಿಟ್ಟು ಅದರ ಮುಂದೆ ಕೈಮುಗಿದರು. ತಮ್ಮ ಸೋದರಮಾವ ಮಲಯದ ರಬ್ಬರ್ ತೋಟದಲ್ಲಿ ಕೂಲಿಗಿದ್ದವರು, ಬೋಸರ ಭಾಷಣ ಕೇಳಿ ಫೌಜಿಗೆ ಸೇರಿದವರು, ಬರ್ಮಾದ ಕಡೆ ಹೋದ ಮೇಲೆ ಸುದ್ದಿಯೇ ಬರಲಿಲ್ಲವೆಂದು, ನನಗೆ ಅರ್ಥವಾಗಲೆಂದು ಮೆಲ್ಲಮೆಲ್ಲನೆ ತಮಿಳಿನಲ್ಲಿ ಹೇಳಿದರು. ಸೈನಿಕರಷ್ಟೇ ಅಲ್ಲದೆ ಇಂಥ ತೋಟದ ಕೂಲಿಗಳು, ಅಂಗಡಿಯ ಗುಮಾಸ್ತರು, ಝಾನ್ಸಿ ರಾಣಿಯ ಪಡೆಗೆ ಸೇರಿದ ಹೆಣ್ಣುಮಕ್ಕಳು, ತಮ್ಮಲ್ಲಿ ಹಲವರು ಎಂದೂ ಕಾಣದ ದೇಶದ ಬಿಡುಗಡೆಗೆಂದು ಹೊರಟರು. ಕೊರಳಿನ ಸರವನ್ನು ಬಿಚ್ಚಿಕೊಟ್ಟ ತಾಯಂದಿರೂ ಇದ್ದರು. ಒಡೆದುಹೋದ ಆ ಸ್ಮಾರಕ ಇವರೆಲ್ಲರದಾಗಿತ್ತು.

ಬೀಚ್ ರಸ್ತೆಯ ನಾಗರಿಕರ ಸ್ಮಾರಕ ಇದಕ್ಕೆ ದೂರವಿಲ್ಲ. ಬುಡದಲ್ಲಿ ಕೂಡಿದಂತಿದ್ದು ಅರುವತ್ತು ಮೀಟರುಗಳಿಗೂ ಮೀರಿ ಆಕಾಶಕ್ಕೆ ಏರುವ ನಾಲ್ಕು ಬಿಳಿಯ ಕಂಬಗಳು ಚೀನೀಯರು, ಮಲಯರು, ಭಾರತೀಯರು, ಇತರರು ಎಂಬ ನಾಲ್ಕು ಜನಾಂಗಗಳ ಕುರುಹು. ನಗರ ವಶವಾದ ಮೇಲೆ ಜಪಾನೀ ಸೈನ್ಯ ಹದಿನೆಂಟರಿಂದ ಐವತ್ತು ವಯಸ್ಸಿನ ಚೀನೀ ಗಂಡಸರನ್ನು ಸಾಲುಗಟ್ಟಿಸಿ, ಮುಸುಕು ಹಾಕಿಕೊಂಡ ಬೇಹಿನವನ ಒಂದು ಸನ್ನೆಯ ಮೇಲೆ, ಅಥವಾ ಯಾವ ಕಾರಣವೂ ಇಲ್ಲದೆ, ಬೇರ್ಪಡಿಸಿ ಲಾರಿಗಳಲ್ಲಿ ತುಂಬಿ ಕಡಲತಡಿಗೆ ಒಯ್ದು ಕೊಂದಿತು. ಜಪಾನೀಯರು ಒಪ್ಪಿಕೊಂಡ ಲೆಕ್ಕ ಕೆಲವು ಸಾವಿರ. ಊರಿನವರ ಲೆಕ್ಕ ಐವತ್ತು ಸಾವಿರದವರೆಗೂ ಹೋಗುತ್ತದೆ. 1962ರಲ್ಲಿ ಸಿಗ್ಲಾಪಿನ ಕಡೆ ನೆಲ ಅಗೆಯುವಾಗ ಅಸ್ಥಿಗಳು ಹೊರಬಿದ್ದವು. ಅವುಗಳನ್ನು ಆರುನೂರಕ್ಕೂ ಹೆಚ್ಚು ಕುಂಭಗಳಲ್ಲಿ ತುಂಬಿ ಈ ಕಂಬಗಳ ಕೆಳಗೆ ಇರಿಸಿದ್ದಾರೆ. ಮೊದಲು ಚೀನೀಯರು ತಮ್ಮವರಿಗೆಂದು ಕೇಳಿದ ಸ್ಮಾರಕವನ್ನು ಸರ್ಕಾರ ಎಲ್ಲ ಜನಾಂಗಗಳಿಗೂ ಸೇರಿದುದನ್ನಾಗಿ ಮಾಡಿ, 1967ರ ಫೆಬ್ರವರಿ 15ರಂದು ಅನಾವರಣಗೊಳಿಸಿತು. ಆಗತಾನೆ ಹುಟ್ಟಿದ ರಾಷ್ಟ್ರವೊಂದು ತನ್ನ ಶೋಕವನ್ನು ಹೀಗೆ ಹಂಚಿಕೊಳ್ಳಲು ನಿರ್ಧರಿಸಿದ್ದು ದೊಡ್ಡ ವಿವೇಕವೆಂದು ನಾನು ತಿಳಿಯುತ್ತೇನೆ. ಮಾರ್ಗದರ್ಶಿ ಇಲ್ಲಿ ಹೆಚ್ಚು ಮಾತಾಡಲಿಲ್ಲ. ತನ್ನ ತಂದೆಯ ಅಣ್ಣ ಹೀಗೆ ಸಾಲಿನಲ್ಲಿ ನಿಂತವರು ಎಂದಷ್ಟೇ ಹೇಳಿ ಬಸ್ಸಿನ ಕಡೆಗೆ ತಿರುಗಿದಳು.

ಮಧ್ಯಾಹ್ನದ ಊಟಕ್ಕೆ ಮುಂಚೆ ಫೋರ್ಟ್ ಕ್ಯಾನಿಂಗ್ ಗುಡ್ಡವನ್ನು ಏರಿದೆವು. ಪೂರ್ವಕಾಲದ ರಾಜರು ವಾಸಿಸಿದ್ದರೆಂಬ ಭಯಭಕ್ತಿಯಿಂದ ಮಲಯರು ಹತ್ತದೆ ಬಿಟ್ಟಿದ್ದ ಆ ಗುಡ್ಡದ ಹೊಟ್ಟೆಯಲ್ಲಿ, ನೆಲಮಟ್ಟಕ್ಕೆ ಒಂಬತ್ತು ಮೀಟರು ಕೆಳಗೆ, ಬ್ರಿಟಿಷರು ಕಟ್ಟಿಸಿದ ಸೇನಾ ಕಾರ್ಯಾಲಯದ ಕೋಣೆಗಳಿವೆ. ಇಕ್ಕಟ್ಟಾದ ಓಣಿಗಳು, ದಪ್ಪ ಕಾಂಕ್ರೀಟಿನ ಗೋಡೆಗಳು, ಉಸಿರಿಗೆ ಭಾರವೆನಿಸುವ ಗಾಳಿ. 1942ರ ಫೆಬ್ರವರಿ 15ರ ಬೆಳಗ್ಗೆ, ಚೀನೀಯರ ಹೊಸ ವರ್ಷದ ಹಬ್ಬದ ದಿನ, ಇಲ್ಲಿಯ ಒಂದು ಕೋಣೆಯಲ್ಲಿ ಸೇನಾಪತಿ ಪರ್ಸಿವಲ್ ತನ್ನ ಅಧಿಕಾರಿಗಳನ್ನು ಕೂಡಿಸಿಕೊಂಡು ಇನ್ನು ಕಾದುವುದೋ ಶರಣಾಗುವುದೋ ಎಂದು ಆಲೋಚಿಸಿದನು.

ಮಾರ್ಗದರ್ಶಿ ಇಲ್ಲಿ ಒಂದು ಪ್ರಸಿದ್ಧವಾದ ನಂಬಿಕೆಯನ್ನು ತಿದ್ದಿದಳು. ಸಿಂಗಪುರದ ದೊಡ್ಡ ಫಿರಂಗಿಗಳು ಕಡಲಿಗೇ ಮುಖಮಾಡಿ ಕಟ್ಟಿದವಾಗಿದ್ದುದರಿಂದ, ಉತ್ತರದ ನೆಲದ ಕಡೆಯಿಂದ ಬಂದ ಶತ್ರುವಿನತ್ತ ತಿರುಗಲಾರದೆ ಹೋದವೆಂದು ನಾವೆಲ್ಲ ಕೇಳಿದ್ದೇವಷ್ಟೆ. ಅವುಗಳಲ್ಲಿ ಬಹುಪಾಲು ತಿರುಗಬಲ್ಲವಾಗಿದ್ದುವು, ತಿರುಗಿ ಗುಂಡುಗಳನ್ನೂ ಹಾರಿಸಿದುವು. ಆದರೆ ಅವುಗಳಿಗೆಂದು ಕೂಡಿಟ್ಟಿದ್ದ ಗುಂಡುಗಳು ಯುದ್ಧನೌಕೆಗಳ ಉಕ್ಕಿನ ಕವಚವನ್ನು ಭೇದಿಸುವುದಕ್ಕಾಗಿ ಮಾಡಿದವಾದ್ದರಿಂದ ಕಾಲಾಳುಗಳ ಮೇಲೆ ಅವುಗಳ ಪ್ರಯೋಜನ ಅಲ್ಪವಾಯಿತು. ಸೋಲಿನ ಕಾರಣಗಳು ಬೇರೆ. ಮಲಯವನ್ನು ಎರಡೇ ತಿಂಗಳಲ್ಲಿ ಹಾಯ್ದು ಬಂದು ಫೆಬ್ರವರಿ 8ರ ರಾತ್ರಿ ಜಲಸಂಧಿಯನ್ನು ದಾಟಿದ ಜಪಾನೀಯರು ವಾರದೊಳಗೆ ಜಲಾಶಯಗಳನ್ನು ಹಿಡಿದುಕೊಂಡರು. ಬಾಂಬುಗಳಿಂದ ಕೊಳವೆಗಳು ಒಡೆದು ನೀರು ಬೀದಿಪಾಲಾಗತೊಡಗಿತು. ನಿರಾಶ್ರಿತರೂ ಸೇರಿ ಹತ್ತು ಲಕ್ಷದಷ್ಟು ಜನ ತುಂಬಿದ್ದ ಊರಿಗೆ ಇನ್ನೊಂದು ದಿನಕ್ಕೆ ಸಾಲುವಷ್ಟು ನೀರೂ ಉಳಿದಿದೆಯೋ ಇಲ್ಲವೋ ಎಂಬ ಸ್ಥಿತಿ ಬಂದಿತು. 15ರ ಸಾಯಂಕಾಲ ಶರಣಾದ ಸೈನ್ಯ ಅದನ್ನು ಸುತ್ತುವರಿದಿದ್ದ ಸೈನ್ಯದ ಎರಡರಷ್ಟಕ್ಕೂ ಮೀರಿದುದಾಗಿತ್ತು. ಜಪಾನೀ ಸೇನಾನಿ ಯಾಮಾಷಿತನ ಹತ್ತಿರ ಮದ್ದುಗುಂಡು ತಳಮುಟ್ಟಿತ್ತು. ಬೆಳಗ್ಗೆ ಕಂಡ ಕಿಮ್ ಸೆಂಗನ ಕಾರಂಜಿ ಆ ಗಳಿಗೆಯಲ್ಲಿ ನನ್ನ ಕಣ್ಣಿಗೆ ಬೇರೆಯಾಗಿ ತೋರಿತು. ಊರಿನ ಬಲ ಅದರ ಕೋಟೆಯಲ್ಲಿರುವಷ್ಟೇ ಅದರ ಕೆರೆಗಳಲ್ಲಿಯೂ ಇದೆಯೆಂಬುದನ್ನು ಕೆಂಪೇಗೌಡರ ಊರಿನಿಂದ ಬಂದ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಊಟದಲ್ಲಿ ಮರಗೆಣಸಿನ ಸಿಹಿತಿಂಡಿಯೊಂದನ್ನು ಬಡಿಸಿದರು. ಜಪಾನೀಯರ ಆಳ್ವಿಕೆಯ ಮೂರೂವರೆ ವರ್ಷ ಅಕ್ಕಿ ಸಿಕ್ಕದೆ ಈ ಊರಿನ ಜನ ಹಿತ್ತಿಲು ಹಿತ್ತಿಲಲ್ಲಿ ಮರಗೆಣಸು ಬೆಳೆದು ಅದನ್ನೇ ತಿಂದು ಜೀವ ಹಿಡಿದಿದ್ದರು. ಬಾಳೆಯ ಗಿಡದ ಚಿತ್ರವಿದ್ದ ಜಪಾನೀ ನೋಟುಗಳು ಕೊನೆಗೆ ಕಾಗದದ ಬೆಲೆಯನ್ನೂ ಬಾಳದೆ ಹೋದುವು. ಗಡಿಯಾರಗಳನ್ನು ಕೂಡ ಟೋಕಿಯೋದ ವೇಳೆಗೆ ತಿರುಗಿಸಿದ್ದರು. ತನ್ನ ತಾಯಿ ಬದುಕಿರುವವರೆಗೂ ಮರಗೆಣಸನ್ನು ಮನೆಯೊಳಕ್ಕೆ ಬಿಡಲಿಲ್ಲವೆಂದು ಮಾರ್ಗದರ್ಶಿ ಹೇಳಿದಳು. ಆಕೆಯ ತಟ್ಟೆಯಲ್ಲಿಯೂ ಆ ತಿಂಡಿ ಇರಲಿಲ್ಲ.

ಬುಕಿತ್ ತಿಮಾ ರಸ್ತೆಯ ಫೋರ್ಡ್ ಕಾರ್ಖಾನೆ 1941ರಲ್ಲಿ ಮುಗಿದ, ಮೋಟಾರುಗಳನ್ನು ಜೋಡಿಸುವುದಕ್ಕೆಂದು ಕಟ್ಟಿದ ಕಟ್ಟಡ. ಪರ್ಸಿವಲ್ ಬಿಳಿಯ ಬಾವುಟದೊಡನೆ ನಡೆದು ಬಂದು ಯಾಮಾಷಿತನಿಗೆ ಶರಣಾದದ್ದು ಇಲ್ಲಿ. ಸಹಿ ಹಾಕಿದ ಮೇಜು ಈಗ ಆಸ್ಟ್ರೇಲಿಯದ ಯುದ್ಧಸ್ಮಾರಕದಲ್ಲಿದೆ. ಇಲ್ಲಿರುವುದು ಅದರ ಪ್ರತಿಕೃತಿ. 2017ರಲ್ಲಿ ಇಲ್ಲಿಯ ಪ್ರದರ್ಶನಶಾಲೆಯನ್ನು ಹೊಸದಾಗಿ ತೆರೆಯುವಾಗ, ಜಪಾನೀಯರು ಈ ದ್ವೀಪಕ್ಕೆ ಇಟ್ಟಿದ್ದ ಶೋನಾನ್ ಎಂಬ ಹೆಸರನ್ನು ಅದಕ್ಕೆ ಇಡಲಾಯಿತು. ಎಪ್ಪತ್ತೈದು ವರ್ಷಗಳು ಕಳೆದಿದ್ದರೂ ಹಿರಿಯರು ಆ ಹೆಸರನ್ನು ಸಹಿಸಲಿಲ್ಲ. ಸಂಬಂಧಪಟ್ಟ ಮಂತ್ರಿಗಳು ಕ್ಷಮೆ ಕೇಳಿ ಕೆಲವೇ ದಿನಗಳಲ್ಲಿ ಅದನ್ನು ತೆಗೆದುಹಾಕಿದರು. ಜಪಾನಿನ ತರುಣರಲ್ಲಿ ಒಬ್ಬನು, ತಮ್ಮ ಶಾಲೆಯ ಪುಸ್ತಕಗಳಲ್ಲಿ ಸಿಂಗಪುರದ ಮಾತು ಒಂದೆರಡು ಸಾಲುಗಳಲ್ಲಿ ಮುಗಿದುಹೋಗಿತ್ತೆಂದೂ ಆದುದರಿಂದಲೇ ಈ ಪ್ರವಾಸಕ್ಕೆ ಬಂದೆವೆಂದೂ ಮಾರ್ಗದರ್ಶಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಆಕೆ ಅವನ ತೋಳಿನ ಮೇಲೆ ಕೈಯಿಟ್ಟು, ಎಲ್ಲವನ್ನೂ ನಿಧಾನವಾಗಿ ನೋಡಿರಿ, ಬಸ್ಸು ಕಾಯುತ್ತದೆ ಎಂದಳು. ಬಸ್ಸು ಹೊತ್ತು ಮೀರಿ ಕಾಯಿತು.

ಕೊನೆಯದು ಕ್ರಾಂಜಿ. ದ್ವೀಪದ ಉತ್ತರ ಅಂಚಿನಲ್ಲಿ, ಜಲಸಂಧಿಯ ಆಚೆಯ ಮಲೇಷ್ಯದ ದಡಕ್ಕೆ ಮುಖಮಾಡಿದ ಇಳಿಜಾರಿನ ಮೇಲೆ, ನಾಲ್ಕು ಸಾವಿರದ ನಾನೂರಕ್ಕೂ ಹೆಚ್ಚು ಸಮಾಧಿಗಳು ಒಂದೇ ಎತ್ತರದ ಬಿಳಿಯ ಕಲ್ಲುಗಳಾಗಿ ಸಾಲುಗಟ್ಟಿ ನಿಂತಿವೆ. ಗುಡ್ಡದ ನೆತ್ತಿಯ ಮೇಲೆ, ವಿಮಾನದ ರೆಕ್ಕೆಯಂತೆ ಚಾಚಿಕೊಂಡ ಚಪ್ಪಟೆಯ ಮಾಡಿನ ಕೆಳಗೆ, ದಪ್ಪ ಗೋಡೆಗಂಬಗಳ ಎರಡೂ ಮೈ ತುಂಬ ಹೆಸರುಗಳು. ದೇಹವೇ ಸಿಕ್ಕದೆ ಹೋದ ಇಪ್ಪತ್ತನಾಲ್ಕು ಸಾವಿರಕ್ಕೂ ಮೀರಿದ ಜನರ ಹೆಸರುಗಳು. ಆಸ್ಟ್ರೇಲಿಯದ ದಂಪತಿಗಳು ಬಂದದ್ದು ಒಂದು ಸಮಾಧಿಯನ್ನು ಹುಡುಕಿಕೊಂಡು. ಆ ವೃದ್ಧರ ತಂದೆಯ ತಮ್ಮ, ಇಪ್ಪತ್ತೆರಡು ವರ್ಷದವನು, ಜಪಾನೀಯರು ದಡ ಹತ್ತಿದ ಮರುದಿನ ಇಲ್ಲಿಗೆ ಹತ್ತಿರದಲ್ಲಿಯೇ ಸತ್ತನಂತೆ. ಸಾಲು ಸಿಕ್ಕಿತು, ಕಲ್ಲು ಸಿಕ್ಕಿತು. ವೃದ್ಧೆ ಚೀಲದಿಂದ ಒಂದು ಚಿಕ್ಕ ಬಾವುಟವನ್ನು ತೆಗೆದು ಹುಲ್ಲಿನಲ್ಲಿ ನೆಟ್ಟರು.

ನಾನು ಗೋಡೆಗಂಬಗಳ ನಡುವೆ ಭಾರತದ ಹೆಸರುಗಳನ್ನು ಓದುತ್ತ ಹೋದೆ. ಸಿಂಗ್, ಖಾನ್, ರಾಮ್, ನಾಯರ್, ಥಾಪಾ. ಪಂಜಾಬು, ಗಢವಾಲ, ದೋಗ್ರಾ, ಗೂರ್ಖಾ, ಹೈದರಾಬಾದು. ಆ ಯುದ್ಧದಲ್ಲಿ ಮಲಯದ ಸೈನ್ಯದೊಳಗೆ ನಮ್ಮ ಮೈಸೂರು ಸಂಸ್ಥಾನದ ಮೊದಲನೆಯ ಕಾಲಾಳು ಪಡೆಯೂ ಇತ್ತು. ನಗರದೊಡನೆ ಅದೂ ಸೆರೆಯಾಯಿತು. 1918ರಲ್ಲಿ ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಲಾನ್ಸರುಗಳಿಗೆ ಬೆಂಗಳೂರಿನಲ್ಲಿ ಸ್ಮಾರಕವುಂಟು, ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಅವರದು, ಪ್ರತಿ ಸೆಪ್ಟೆಂಬರಿನಲ್ಲಿ ಅವರ ನೆನಪಾಗುತ್ತದೆ. ಸಿಂಗಪುರದಲ್ಲಿ ಸೆರೆಸಿಕ್ಕ ಮೈಸೂರಿನ ಕಾಲಾಳುಗಳ ಮಾತನ್ನು ನಮ್ಮಲ್ಲಿ ಆಡುವವರು ವಿರಳ. ಗೆಲುವಿನ ಕುದುರೆಯನ್ನು ಕಂಚಿನಲ್ಲಿ ಎರಕ ಹೊಯ್ಯುವುದು ಸುಲಭ. ಆಜ್ಞೆಯಂತೆ ಕಾವಲು ನಿಂತು, ಆಜ್ಞೆಯಂತೆಯೇ ಬಂದೂಕವನ್ನು ಕೆಳಗಿಟ್ಟವನಿಗೆ ಯಾವ ಲೋಹವನ್ನು ಹುಡುಕುವುದು? ಮಂಡ್ಯದ, ಹಾಸನದ, ಕೋಲಾರದ ಯಾವುದಾದರೊಂದು ಮನೆಯ ಹೆಸರನ್ನು ಆ ಗೋಡೆಗಳಲ್ಲಿ ಕಾಣಬೇಕೆಂಬ ಆಸೆಯಿಂದ ನಾನು ಓದಿದೆ; ಕೊಟ್ಟ ವೇಳೆ ಒಂದು ಗೋಡೆಗಂಬಕ್ಕೂ ಸಾಲದಾಯಿತು.

ಸಮಾಧಿಗಳಿಂದ ಬೇರೆಯಾಗಿ, ಸತ್ತ ಬಳಿಕ ತಮ್ಮ ಧರ್ಮದ ಪ್ರಕಾರ ದಹನಗೊಂಡ ಸುಮಾರು ಎಂಟುನೂರು ಮಂದಿಯ ಸ್ಮಾರಕವೂ ಅಲ್ಲಿದೆ. ಅವರಲ್ಲಿ ಹೆಚ್ಚಿನವರು ಭಾರತದವರು. ಅದರ ಮುಂದೆ ನಿಂತಾಗ, ಬೆಳಗ್ಗೆ ಎಸ್‌ಪ್ಲನೇಡಿನಲ್ಲಿ ಕೈಮುಗಿದ ಫಲಕಕ್ಕೂ ಇದಕ್ಕೂ ನಡುವಿನ ದೂರ ಎಷ್ಟೆಂದು ಅಳೆಯಲು ಮನಸ್ಸು ಯತ್ನಿಸಿತು. ಒಂದೇ ಜಿಲ್ಲೆಯಿಂದ, ಬಹುಶಃ ಒಂದೇ ಹಳ್ಳಿಯಿಂದ, ಒಂದೇ ಬರಗಾಲಕ್ಕೆ ಬೆದರಿ ಸೈನ್ಯಕ್ಕೆ ಸೇರಿದ ಇಬ್ಬರು. ಒಬ್ಬನು ತಾನು ಉಂಡ ಉಪ್ಪಿಗೂ ಕೊಟ್ಟ ಭಾಷೆಗೂ ಕಟ್ಟುಬಿದ್ದು ಫೌಜಿಗೆ ಸೇರಲೊಲ್ಲೆನೆಂದನು. ಅಂಥವರಲ್ಲಿ ಸಹಸ್ರಾರು ಮಂದಿಯನ್ನು ಜಪಾನೀಯರು ಹಡಗುಗಳಲ್ಲಿ ತುಂಬಿ ನ್ಯೂಗಿನಿ, ನ್ಯೂಬ್ರಿಟನ್ನುಗಳ ಕಾಡುಗಳಿಗೆ ಒಯ್ದು, ದುಡಿಸಿ, ಹಸಿವಿನಿಂದ ಕೊಂದರು. ಇನ್ನೊಬ್ಬನು ಭಾಷೆ ಕೊಟ್ಟದ್ದು ಪರರಿಗೆ, ನೆಲ ತನ್ನದು ಎಂದು ಬೋಸರ ಹಿಂದೆ ಹೊರಟು ಇಂಫಾಲದ ಬೆಟ್ಟಗಳಲ್ಲಿಯೋ ಐರಾವತಿಯ ದಡದಲ್ಲಿಯೋ ಮಡಿದನು. ಒಬ್ಬನ ಹೆಸರನ್ನು ಸಾಮ್ರಾಜ್ಯ ಕಲ್ಲಿನಲ್ಲಿ ಕೊರೆಯಿಸಿತು. ಇನ್ನೊಬ್ಬನ ಕಲ್ಲನ್ನು ಅದೇ ಸಾಮ್ರಾಜ್ಯ ಒಡೆಯಿಸಿತು. ಇಬ್ಬರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವ ಅಧಿಕಾರ ಹೊಟ್ಟೆ ತುಂಬಿ, ಭಯವಿಲ್ಲದೆ, ಸ್ವತಂತ್ರ ದೇಶದ ರಹದಾರಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದ ನನಗೆ ಇಲ್ಲ. ಬೆಳಗ್ಗೆ ಅಲ್ಲಿ ಕೈಮುಗಿದ ಹಾಗೆ ಇಲ್ಲಿಯೂ ಕೈಮುಗಿದೆ. ಆ ಎರಡು ನಮಸ್ಕಾರಗಳಲ್ಲಿ ಒಂದು ಇನ್ನೊಂದನ್ನು ಸುಳ್ಳಾಗಿಸುತ್ತದೆಂದು ನನಗೆ ಅನ್ನಿಸಲಿಲ್ಲ.

ಹಿಂದಿರುಗುವಾಗ ಬಸ್ಸು ಸೆರಂಗೂನ್ ರಸ್ತೆಯ ಕಡೆಗೆ ಬಂದಿತು. ಅಲ್ಲಿ ಇಳಿಯುವವರು ನಾನೂ ತಮಿಳು ಸಂಸಾರದವರೂ. ಪ್ರವಾಸದ ಬಗೆಗೆ ಅಭಿಪ್ರಾಯ ಬರೆಯಲು ಮಾರ್ಗದರ್ಶಿ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟಳು. ಹತ್ತಿರದಲ್ಲಿಯೇ ಇರುವ ಫ್ಯಾರರ್ ಪಾರ್ಕ್ ಎಂಬ ಬಯಲಿನ ಹೆಸರು ಆ ಹಗಲೆಲ್ಲ ಆಕೆಯ ಬಾಯಲ್ಲಿ ಬಂದಿರಲಿಲ್ಲ. ಕುದುರೆ ಪಂದ್ಯಗಳ ಹಳೆಯ ಮೈದಾನವಾಗಿದ್ದ ಅದನ್ನು ನನ್ನ ಚೀಟಿಯಲ್ಲಿ ಬರೆದೆ. 1942ರ ಫೆಬ್ರವರಿ 17ರಂದು, ಗೋರಾ ಸೈನಿಕರು ಸೆರೆಯಾಳುಗಳಾಗಿ ಚಾಂಗಿಯ ಕಡೆ ನಡೆದು ಹೋದಾಗ, ಭಾರತದ ಸೈನಿಕರನ್ನು ಮಾತ್ರ ಬೇರ್ಪಡಿಸಿ ಈ ಬಯಲಿನಲ್ಲಿ ಕುಳ್ಳಿರಿಸಿದರು. ಬ್ರಿಟಿಷ್ ಅಧಿಕಾರಿಯೊಬ್ಬನು ಅವರನ್ನು ಜಪಾನೀಯರಿಗೆ ಒಪ್ಪಿಸಿ ಹೊರಟುಹೋದನು. ಜಪಾನೀಯರ ಪರವಾಗಿ ಫುಜಿವಾರ ಎಂಬ ಅಧಿಕಾರಿ ಮಾತಾಡಿದನು. ಅವನ ಬಳಿಕ ಕ್ಯಾಪ್ಟನ್ ಮೋಹನ್ ಸಿಂಗ್ ಎದ್ದುನಿಂತು ಸ್ವಾತಂತ್ರ್ಯದ ಸೈನ್ಯಕ್ಕೆ ಸೇರಿರೆಂದು ಕರೆದನು. ಕ್ರಾಂಜಿಯ ದಾರಿಯೂ ಎಸ್‌ಪ್ಲನೇಡಿನ ದಾರಿಯೂ ಕವಲೊಡೆದದ್ದು ಅಲ್ಲಿ.

ಇದನ್ನೆಲ್ಲ ಚೀಟಿಯ ಎರಡೂ ಬದಿ ತುಂಬುವಂತೆ ಬರೆದು, ಈ ಬಯಲನ್ನೂ ಪ್ರವಾಸದಲ್ಲಿ ಸೇರಿಸಬೇಕೆಂದು ಕೋರಿ ಆಕೆಯ ಕೈಗೆ ಕೊಟ್ಟೆ. ಆಕೆ ಅಲ್ಲಿಯೇ ನಿಂತು ಪೂರ್ತಿ ಓದಿದಳು. ಎಷ್ಟು ಜನ ಕುಳಿತಿದ್ದರು ಎಂದು ಕೇಳಿದಳು. ನಲವತ್ತು ಸಾವಿರಕ್ಕೂ ಹೆಚ್ಚು ಎಂದೆ. ತನ್ನ ಕಿರುಪುಸ್ತಕವನ್ನು ತೆಗೆದು ಸಂಖ್ಯೆಯನ್ನು ಬರೆದುಕೊಂಡು, ಬಸ್ಸು ನಿಲ್ಲಿಸುವುದಕ್ಕೆ ಅಲ್ಲಿ ಅನುಮತಿ ಬೇಕಾಗುತ್ತದೆ, ಅದನ್ನು ಕಚೇರಿಯವರೊಡನೆ ಮಾತಾಡುತ್ತೇನೆ, ಅಲ್ಲಿಯವರೆಗೆ ಚಾಲಕನಿಗೆ ರೇಸ್ ಕೋರ್ಸ್ ರಸ್ತೆಯ ಮೇಲೆ ಹೋಗಲು ಹೇಳಿ ಕಿಟಕಿಯಿಂದಲೇ ತೋರಿಸುತ್ತೇನೆ ಎಂದಳು. ಬಸ್ಸಿನಿಂದ ಇಳಿದ ಮೇಲೆ ತಮಿಳು ಹಿರಿಯರು ನನ್ನ ತೋಳು ಹಿಡಿದು, ಆ ಬಯಲು ಯಾವ ಕಡೆ ಎಂದು ಕೇಳಿದರು. ಇನ್ನೂ ಬೆಳಕಿತ್ತು, ಎಲ್ಲರೂ ಕೂಡಿ ಅತ್ತ ನಡೆದೆವು.